ಉಪ್ಪು ಎಂದಾಗ ತೆರೆಯ ಮೇಲಿದ್ದ ಕೈ

ಆ ದಿನದ ಡೈರಿಯಲ್ಲಿ ನಾನು ಬರೆದಿರುವುದು ಮೂರೇ ಸಾಲು. "ಮಧ್ಯಾಹ್ನದ ಪ್ರದರ್ಶನ ಚೆನ್ನಾಗಿ ಆಯಿತು. ವೋಲ್ಟೇಜ್ ಕಡಿಮೆ. ಹೆಂಗಸರು ತುಂಬ ನಕ್ಕರು." ನೀಲಿ ಶಾಯಿ, ಅವಸರವಿಲ್ಲದ ಅಕ್ಷರ. ಈ ಮೂರು ಸಾಲಿನಲ್ಲಿ ಒಂದೂ ಸುಳ್ಳಲ್ಲ. ಆದರೂ ಇವತ್ತು ಅದನ್ನು ಓದಿದರೆ ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟ ಕಡೆ ಮೆಟ್ಟಿಲಿಲ್ಲದಾಗ ಆಗುವ ಹಾಗೆ ಎದೆ ಧಸಕ್ಕೆನ್ನುತ್ತದೆ. ಅದನ್ನು ಬರೆದವಳು ನಾನೇ, ಏನೂ ಗೊತ್ತಿಲ್ಲದೆ ಬರೆದಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿ, ಕಾಲೇಜಿನ ಕೆಲಸ ಸಿಗದೆ, ನಂಜನಗೂಡಿನ ಒಂದು ಚಿಕ್ಕ ಸೇವಾಸಂಸ್ಥೆಗೆ ಸೇರಿದ್ದೆ. ಕಪಿಲೆಯ ಕಡೆಗೆ ಇಳಿಯುವ ಬೀದಿಯಲ್ಲಿ ಒಂದು ಬಾಡಿಗೆ ಮನೆ. ಮುಂದಿನ ಕೋಣೆ ಕಚೇರಿ, ಹಿಂದಿನ ಕೋಣೆಯಲ್ಲಿ ಹದಿನಾರು ಮಿಲಿಮೀಟರಿನ ಪ್ರೊಜೆಕ್ಟರು, ಬಿಳಿ ಪರದೆ, ಸ್ಪೀಕರು. ಇವನ್ನೆಲ್ಲ ಜೀಪಿನಲ್ಲಿ ಹೇರಿಕೊಂಡು ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಹಳ್ಳಿಗಳಿಗೆ ಹೋಗಿ ಆರೋಗ್ಯದ ಚಿತ್ರಗಳನ್ನು ತೋರಿಸುವುದು ನಮ್ಮ ಕೆಲಸ.

ಚಿತ್ರಗಳು ಬರುತ್ತಿದ್ದದ್ದು ಹಿಂದಿಯಲ್ಲಿ. ನಮ್ಮ ಹಳ್ಳಿಯ ಹೆಂಗಸರಿಗೆ ಹಿಂದಿ ಯಾಕೆ? ಹಾಗಾಗಿ ನಾವು ಒಂದು ಉಪಾಯ ಮಾಡಿಕೊಂಡಿದ್ದೆವು. ಫಿಲ್ಮಿನ ಧ್ವನಿಯನ್ನು ಪೂರ್ತಿ ತಗ್ಗಿಸಿಬಿಡುವುದು. ಅದೇ ಹೊತ್ತಿಗೆ ಟೇಪ್‌ರೆಕಾರ್ಡರಿನಲ್ಲಿ ಕನ್ನಡದ ವಿವರಣೆಯ ಕ್ಯಾಸೆಟ್ ಹಾಕುವುದು. ಕನ್ನಡ ಬರೆದವಳೂ ನಾನೇ, ಓದಿದವಳೂ ನಾನೇ. ಫಿಲ್ಮಿನ ಅಂಚಿನಲ್ಲೇ ಅಚ್ಚಾಗಿರುವ ಧ್ವನಿ ಚಿತ್ರವನ್ನು ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. ಚಿತ್ರ ನಿಧಾನವಾದರೆ ಅದೂ ನಿಧಾನ, ಚಿತ್ರ ಓಡಿದರೆ ಅದೂ ಓಟ. ಬೇರೆ ಯಂತ್ರದಲ್ಲಿ ಸುತ್ತುವ ಕ್ಯಾಸೆಟ್ಟಿಗೆ ಆ ಕಟ್ಟುಪಾಡಿಲ್ಲ. ಎರಡನ್ನೂ ಒಟ್ಟಿಗೆ ಶುರು ಮಾಡಬಹುದು, ಅಷ್ಟೇ. ಆಮೇಲೆ ಅವು ತಮ್ಮ ಪಾಡಿಗೆ ತಾವು.

ಪ್ರೊಜೆಕ್ಟರ್ ನಡೆಸುತ್ತಿದ್ದ ಆಪರೇಟರು ತಾಂಡವಪುರದವರು, ಐವತ್ತು ದಾಟಿದವರು. ಟೂರಿಂಗ್ ಟಾಕೀಸಿನಲ್ಲಿ ಇಪ್ಪತ್ತು ವರ್ಷ ರೀಲು ಸುತ್ತಿ, ಡೇರೆ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ದಿನವೂ ಸೈಕಲ್ಲಿನಲ್ಲಿ ಬರುತ್ತಿದ್ದರು. ನನ್ನ ಕ್ಯಾಸೆಟ್ಟನ್ನು ಮೊದಲ ಸಲ ಚಿತ್ರದ ಜೊತೆ ಓಡಿಸಿದ ದಿನ ಅವರು ತಲೆ ಕೆರೆದುಕೊಂಡು ಅಂದರು:

"ಮೇಡಮ್ಮೋರೆ, ಇದು ಎತ್ತಿನ ಗಾಡಿಗೂ ಸೈಕಲ್ಗೂ ನಂಟಸ್ತನ ಮಾಡ್ದಂಗಾಯ್ತು. ದಾರೀಲಿ ಒಸಿ ಏರು ಬಂದ್ರೂ ಗಾಡಿ ಇಂದುಕ್ಕುಳ್ಕತದೆ."

"ಈಗ ಸರಿಯಾಗಿಯೇ ಹೋಯಿತಲ್ಲ!"

"ಇಲ್ಲಿ ಓಯ್ತದೆ ಬುಡಿ. ನಂಜನಗೂಡಲ್ಲಿ ಕರೆಂಟು ಸಾವ್ಕಾರ್ರ ಮನೆ ಕರೆಂಟು."

ಅವರು ಒಂದು ಯುಕ್ತಿಯನ್ನೂ ಹೇಳಿಕೊಟ್ಟಿದ್ದರು. ಮಾತು ಮುಂದೆ ಓಡಿತು ಅನ್ನಿಸಿದರೆ ಟೇಪಿನ ಪಾಜ್ ಗುಂಡಿಯನ್ನು ಒತ್ತಿ ಹಿಡಿಯುವುದು, ಚಿತ್ರ ಬಂದು ಸೇರಿದ ಮೇಲೆ ಬಿಡುವುದು. ಅದಕ್ಕಾಗಿ ಟೇಪ್‌ರೆಕಾರ್ಡರಿನ ಹತ್ತಿರ ಒಬ್ಬರು ಕೂತೇ ಇರಬೇಕು. ಆ ಒಬ್ಬರು ನಾನು.

ಭೇದಿಯ ಚಿತ್ರಕ್ಕೆ ವಿವರಣೆ ಬರೆಯುವಾಗ ನನಗಿದ್ದ ಹೆಮ್ಮೆಯನ್ನು ಹೇಳಲೇಬೇಕು. ಅದು ಹನ್ನೊಂದು ನಿಮಿಷದ ಬಣ್ಣದ ಚಿತ್ರ. ಕೂಸಿಗೆ ಭೇದಿಯಾದಾಗ ಮನೆಯಲ್ಲೇ ಸಕ್ಕರೆ, ಉಪ್ಪಿನ ನೀರು ಮಾಡಿ ಕುಡಿಸುವ ಬಗೆ. ಒಬ್ಬ ತಾಯಿ ನೀರು ಕಾಯಿಸಿ ಆರಿಸುತ್ತಾಳೆ, ಒಂದು ಹಿಡಿ ಸಕ್ಕರೆ ಹಾಕುತ್ತಾಳೆ, ಮೂರು ಬೆರಳಿನಲ್ಲಿ ಒಂದು ಚಿಟಿಕೆ ಉಪ್ಪು ಹಾಕುತ್ತಾಳೆ, ಕಲಸುತ್ತಾಳೆ, ನಾಲಗೆಯ ತುದಿಗೆ ಮುಟ್ಟಿಸಿ ರುಚಿ ನೋಡುತ್ತಾಳೆ, ಕೂಸಿಗೆ ಕುಡಿಸುತ್ತಾಳೆ. ಹಿಂದಿಯ ವಿವರಣೆ ಓದಿದವನು ಎಲ್ಲವನ್ನೂ ಎರಡೆರಡು ಸಲ ಹೇಳಿದ್ದ. ನನಗೆ ಅದು ಒಡ್ಡೊಡ್ಡಾಗಿ ಕೇಳಿಸಿತು. ಕೈ ಕಾಣುತ್ತಿರುವಾಗ ಅಳತೆಯನ್ನು ಬಾಯಿಂದ ಯಾಕೆ ಹೇಳಬೇಕು? ತೆಗೆದುಹಾಕಿದೆ. "ಈಗ ಸಕ್ಕರೆ." ಒಂದು ಮೌನ. "ಈಗ ಉಪ್ಪು." ಒಂದು ಮೌನ. ಉಳಿದದ್ದನ್ನು ಚಿತ್ರ ಹೇಳಲಿ ಎಂದುಕೊಂಡೆ. ಮಾತು ಒಂದಿಷ್ಟು ಕಮ್ಮಿಯಾಯಿತೇನೋ ಎಂದು ಆಪರೇಟರು ಆಗಲೇ ಹೇಳಿದ್ದರು ಎಂದು ನನ್ನ ನೆನಪು. ಆದರೆ ಈ ನೆನಪನ್ನು ನಾನು ನಂಬುವುದಿಲ್ಲ. ಆದದ್ದೆಲ್ಲ ಆದ ಮೇಲೆ, ಯಾರಾದರೂ ಎಚ್ಚರಿಸಿದ್ದಿರಬೇಕು ಎಂದು ನಾನೇ ಅವರ ಬಾಯಲ್ಲಿ ಆ ಮಾತು ಇಟ್ಟಿರಬಹುದು.

ಆ ಚಿತ್ರವನ್ನು ಮೊದಲು ಕಳಲೆಯಲ್ಲಿ ತೋರಿಸಿದೆವು. ಏನೂ ತೊಂದರೆಯಾಗಲಿಲ್ಲ. ಎರಡನೆಯದು, ಸೋಮನಾಥಪುರದಿಂದ ಸ್ವಲ್ಪ ದೂರದ ಒಂದು ಹಳ್ಳಿ. ಅದರ ಹೆಸರು ಇಲ್ಲಿ ಬೇಡ.

ಹೆಂಗಸರಿಗೆ ಬಿಡುವಾಗುತ್ತಿದ್ದದ್ದು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ. ಶಾಲೆಯ ಹಜಾರದ ಕಿಟಕಿಗಳಿಗೆ ಮನೆಮನೆಯಿಂದ ತಂದ ಕಂಬಳಿ ಕಟ್ಟಿ ಕತ್ತಲು ಮಾಡಿಕೊಂಡಿದ್ದೆವು. ಒಳಗೆ ಅರವತ್ತು ಎಪ್ಪತ್ತು ಜನ, ಸೆಕೆ, ಕುರಿಗಂಬಳಿಯ ವಾಸನೆ. ಅದೇ ಎರಡು ಗಂಟೆಗೆ ಆ ಕಡೆಯ ಗದ್ದೆಗಳ ಪಂಪ್‌ಸೆಟ್ಟುಗಳಿಗೆ ಕರೆಂಟು ಬಿಡುತ್ತಿದ್ದರು. ಪಂಪುಗಳೆಲ್ಲ ಒಟ್ಟಿಗೆ ಶುರುವಾದದ್ದೇ ವೋಲ್ಟೇಜ್ ಇಳಿದು ಪ್ರೊಜೆಕ್ಟರಿನ ದೀಪ ಕೆಂಪಾಯಿತು. ಟೇಪ್‌ರೆಕಾರ್ಡರ್ ಓಡುತ್ತಿದ್ದದ್ದು ಬ್ಯಾಟರಿಯಿಂದ. ಅದಕ್ಕೆ ಪಂಪುಗಳ ಹಂಗಿರಲಿಲ್ಲ.

ಚಿತ್ರ ನಡೆಯಿತು. ಆ ತಾಯಿ ನಾಲಗೆ ಚಾಚಿ ರುಚಿ ನೋಡುವಲ್ಲಿ ಮುಂದಿನ ಸಾಲಿನ ಒಬ್ಬಾಕೆ, "ಅಯ್ಯೋ, ಬೆಕ್ ನೆಕ್ದಂಗ್ ನೆಕ್ತಾಳಲ್ಲೇ!" ಎಂದಳು. ಹಜಾರವೇ ನಕ್ಕಿತು. ನಾನೂ ನಕ್ಕೆ.

ನಾನು ಆಗ ಎಲ್ಲಿದ್ದೆ? ಟೇಪಿನ ಪಕ್ಕ, ಬೆರಳು ಗುಂಡಿಯ ಮೇಲೆ ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಮಾತು ಸ್ವಲ್ಪ ಮುಂದೆ ಹೋದದ್ದು ತಿಳಿದು, ಇಷ್ಟರಲ್ಲೇನು, ಅರ್ಥವಾಗುತ್ತದೆ ಎಂದು ಸುಮ್ಮನಿದ್ದದ್ದೂ ನೆನಪಿದೆ. ಆಪರೇಟರು ಮಾತ್ರ ಕೊನೆಯವರೆಗೂ ಬೇರೆಯೇ ಹೇಳುತ್ತಿದ್ದರು. "ನೀವು ಟೇಪ್ ತಾವು ಇರ್ನೇ ಇಲ್ಲ ಮೇಡಮ್ಮೋರೆ. ಮುಂದೆ ಎಂಗುಸ್ರ ಜೊತೆ ಚಾಪೆ ಮೇಲೆ ಕುಂತು ನಗ್ತಾ ಇದ್ರಿ." ಎರಡರಲ್ಲಿ ಯಾವುದು ಹೆಚ್ಚಿನ ತಪ್ಪು ಎಂದು ಇನ್ನೂ ತೀರ್ಮಾನಿಸಲಾಗಿಲ್ಲ. ಡೈರಿಯನ್ನು ಕೇಳಿದರೆ ಅದು, ಹೆಂಗಸರು ತುಂಬ ನಕ್ಕರು ಎನ್ನುತ್ತದೆ.

ಎಂಟೋ ಒಂಬತ್ತೋ ದಿನ ಕಳೆದು ಮತ್ತೆ ಆ ಹಳ್ಳಿಗೆ ಹೋದೆವು. ನೋಡಿದ್ದರಲ್ಲಿ ಎಷ್ಟು ಉಳಿದಿದೆ ಎಂದು ಮನೆಮನೆಗೆ ಹೋಗಿ ಕೇಳುವುದು ನಮ್ಮ ಪದ್ಧತಿ. ಬೆಳಿಗ್ಗೆ ಹತ್ತರ ಸುಮಾರು. ಆಪರೇಟರು ಜೀಪಿನ ಹತ್ತಿರ ಬೀಡಿ ಹಚ್ಚಿದ್ದರು. ನಾನು ಮೊದಲು ಹೊಕ್ಕ ಮನೆಯಲ್ಲಿ ಒಬ್ಬ ಅಜ್ಜಿ ನಡುಮನೆಯಲ್ಲಿ ಕಾಲು ಚಾಚಿ ಕೂತು, ಕಾಲಿನ ಮೇಲೆ ಮೊಮ್ಮಗನನ್ನು ಮಲಗಿಸಿಕೊಂಡಿದ್ದಳು. ವರ್ಷ ದಾಟಿದ ಕೂಸು. ಅದರ ತಾಯಿ, ಅಜ್ಜಿಯ ಸೊಸೆ, ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು.

ಅಜ್ಜಿ ನನ್ನನ್ನು ನೋಡಿ ಮುಖ ಅರಳಿಸಿದಳು. "ಬಾ ಕಣವ್ವ, ಬಾ. ಒಳ್ಳೆ ಒತ್ಗೇ ಬಂದೆ. ನಿನ್ನೆ ಸಂಜಿಂದ ಕೂಸ್ಗೆ ಒಂದೇ ಸಮ ಓಯ್ತಾ ಅದೆ. ನೀನ್ ತೋರುಸ್ದಂಗೇ ನೀರ್ ಮಾಡಿ ಕುಡುಸ್ತಾ ಇವ್ನಿ. ನೋಡು ಬೇಕಾರೆ."

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಯಾರೋ ಒಬ್ಬರು ಕೇಳಿಸಿಕೊಂಡಿದ್ದಾರೆ! ಡೈರಿಯಲ್ಲಿ ಬರೆಯಬೇಕು ಎಂದುಕೊಂಡೆ. ಅಜ್ಜಿ ಪಕ್ಕದ ಚೊಂಬನ್ನು ತೋರಿಸಿದಳು. "ಇದು ಮುಗೀತಾ ಬಂತು. ಇನ್ನೊಂದ್ಸಲ ಮಾಡ್ತೀನಿ, ನೀನೇ ನೋಡು" ಎಂದು ಕೂಸನ್ನು ಚಾಪೆಗಿಳಿಸಿ ಎದ್ದಳು. ಆರಿಸಿದ ನೀರನ್ನು ಇನ್ನೊಂದು ಚೊಂಬಿಗೆ ಬಗ್ಗಿಸಿದಳು. ಗೂಡಿನಲ್ಲಿದ್ದ ಮಡಕೆಗೆ ಕೈ ಹಾಕಿದಳು. ಹೊರಗೆ ಬಂದ ಕೈ ತುಂಬ ಕಲ್ಲುಪ್ಪು.

ಅದನ್ನು ಅವಳು ಚೊಂಬಿಗೆ ಹಾಕಿದಳು. ನಾನು ನೋಡುತ್ತಲೇ ಇದ್ದೆ. ಹರಳುಗಳು ಹಿತ್ತಾಳೆಯ ತಳಕ್ಕೆ ಬಿದ್ದ ಸದ್ದು ಕೇಳಿಸಿತು. ಇದು ಸುಳ್ಳು ನೆನಪಲ್ಲ. ಆ ಸದ್ದು ನನಗೆ ಈಗಲೂ ಬೇಕೆಂದಾಗ, ಬೇಡವೆಂದಾಗ ಕೇಳಿಸುತ್ತದೆ. ಆಮೇಲೆ ಅವಳು ಮೇಲಿನ ಗೂಡಿನಿಂದ ಒಂದು ಚಿಕ್ಕ ಡಬ್ಬಿ ಇಳಿಸಿ, ಮೂರು ಬೆರಳು ಕೂಡಿಸಿ, ಒಂದೇ ಒಂದು ಚಿಟಿಕೆ ಸಕ್ಕರೆ ತೆಗೆದು ಉದುರಿಸಿದಳು.

"ಅಜ್ಜಿ, ಇದೇನು ಮಾಡಿದಿರಿ?"

"ಯಾಕೆ, ಕಮ್ಮಿ ಆಯ್ತಾ?"

"ಇದನ್ನ ಕೂಸಿಗೆ ಕುಡಿಸಿದ್ದೀರಾ?"

"ಬೆಳಿಗ್ಗಿಂದ ನಾಕು ಒಳಲೆ ಕುಡುಸಿವ್ನಿ. ಮೂರು ಕಕ್ಕಬುಡ್ತು."

ಒಳಲೆ ಎಂದರೆ ಕೂಸುಗಳಿಗೆ ಹಾಲು ಹಾಕುವ ಮೂತಿಯ ಪುಟ್ಟ ಬಟ್ಟಲು. ಅದರಲ್ಲಿ ಇನ್ನೂ ಅರ್ಧ ಇತ್ತು. ನಾನು ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿಕೊಂಡೆ. ಬರೀ ಉಪ್ಪು, ಉಗುಳಿದೆ. ಚಾಪೆಯ ಮೇಲಿನ ಕೂಸು ಅಳುತ್ತಿತ್ತು, ಕಣ್ಣಲ್ಲಿ ನೀರಿರಲಿಲ್ಲ. ತುಟಿ ಬಿರಿದು, ನಾಲಗೆ ಹೊರಗೆ ಚಾಚಿ ಚಾಚಿ ಬರುತ್ತಿತ್ತು. ಒಂದು ಕಾಲು ತಾನಾಗಿಯೇ ಅದುರಿತು.

"ಯಾರು ಹೇಳಿದ್ದು ನಿಮಗೆ ಹಿಡಿ ಉಪ್ಪು ಹಾಕಿ ಅಂತ?" ನಾನು ಕೂಗಿದೆ ಅಂತ ಕಾಣುತ್ತದೆ. ಸೊಸೆ ಒದ್ದೆ ಕೈಯಲ್ಲೇ ಒಳಗೆ ಓಡಿಬಂದಳು.

ಅಜ್ಜಿ ಬೆಪ್ಪಾಗಿ ನನ್ನನ್ನೇ ನೋಡಿದಳು. "ನೀನೇ ಕಣವ್ವ ಏಳಿದ್ದು. ಈಗ ಉಪ್ಪು ಅಂದೆ. ಅಲ್ಲಿ ಆವಮ್ಮ ಒಂದು ಇಡಿ ತಗದು ಆಕುದ್ಲು. ಈ ಕಣ್ಣಲ್ಲೇ ನೋಡಿವ್ನಿ, ಈ ಕಿವೀಲೇ ಕೇಳಿವ್ನಿ. ನಿನ್ ದನಿ ನಂಗೆ ಗೊತ್ತಾಗಕಿಲ್ವಾ?"

ಅವಳಿಗೆ ಅರುಳುಮರುಳು ಎಂದುಕೊಂಡೆ. ನಾನು ಮೊದಲು ಯೋಚಿಸಿದ್ದು ಅದನ್ನೇ.

ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಸೊಸೆ ಜೀಪು ಹತ್ತಿದಳು, ಅಜ್ಜಿಯೂ ಹತ್ತಿದಳು. ಹತ್ತುವ ಮುಂಚೆ ಅವಳು ಆ ಉಪ್ಪು ನೀರಿನ ಚೊಂಬನ್ನು ಎತ್ತಿಕೊಂಡು ಬಂದಳು, ದಾರಿಯಲ್ಲಿ ಕುಡಿಸಲು. ಆಪರೇಟರು ಅವಳ ಕೈಯಿಂದ ಕಿತ್ತು ರಸ್ತೆಗೆ ಚೆಲ್ಲಿದರು. "ಯಾಕ್ಲಾ ಚೆಲ್ದೆ, ಔಷ್ದಿ ಕಣ್ಲಾ ಅದು!" ಎಂದು ಅಜ್ಜಿ ಬೈದಳು. ರುಚಿ ನೋಡಲಿಲ್ಲವೇ ಎಂದು ನಾನು ಕೇಳಿದೆ. "ನೋಡ್ದೆ. ಉಪ್ಪುಪ್ಪು ಅಂತು. ಔಷ್ದಿ ಅಂದ್ಮೇಕೆ ಪಾಯ್ಸದಂಗೆ ಇದ್ದದಾ?" ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿಬಿಡಿ ಎಂಬ ಮಾತು ನನ್ನ ಕ್ಯಾಸೆಟ್ಟಿನಲ್ಲಿತ್ತಲ್ಲ ಎಂದು ನಾನು ಹೇಳಲು ಬಾಯಿ ತೆರೆದೆ. ಆಗ ಆ ನಗು ನೆನಪಾಯಿತು. ಆ ಸಾಲನ್ನು ಅವಳು ಕೇಳಿದ್ದಿರಲಾರಳು.

ನರಸೀಪುರದ ಆಸ್ಪತ್ರೆಯಲ್ಲಿ ಡಾಕ್ಟರು ಕೂಸಿನ ಹೊಟ್ಟೆಯ ಚರ್ಮವನ್ನು ಹಿಡಿದು ಬಿಟ್ಟು ನೋಡಿದರು, ಕಣ್ಣರೆಪ್ಪೆ ಎತ್ತಿ ನೋಡಿದರು. ನರ್ಸಮ್ಮ ಕಾಲಿನಲ್ಲಿ ನರ ಹುಡುಕಿ ಸೂಜಿ ಹಾಕಿದಳು. ಮೂರನೆಯ ಸಲಕ್ಕೆ ಸಿಕ್ಕಿತು. ಕಕ್ಕಿಕೊಂಡದ್ದೇ ಇದನ್ನು ಇಷ್ಟು ಹೊತ್ತು ಉಳಿಸಿದೆ, ಆದರೂ ಏನೂ ಹೇಳಲಾಗದು ಎಂದರು ಡಾಕ್ಟರು. ಸೊಸೆ ಗೋಡೆಗೆ ಒರಗಿ ಹಾಗೇ ಕುಸಿದು ಕೂತಳು.

ಡಾಕ್ಟರು ಅಜ್ಜಿಯ ಕಡೆ ತಿರುಗಿದರು. "ಬುದ್ಧಿ ಬೇಡವೇನಮ್ಮ ನಿನಗೆ? ಉಪ್ಪಿನಕಾಯಿ ಹಾಕೋಕೆ ಹೊರಟಿದ್ದೀಯಾ ಮಗೂನ? ಯಾರು ಕಲಿಸಿದ್ದು ಇದನ್ನ?"

ಇಲ್ಲಿ ನನ್ನ ನೆನಪು ಒಂದು ಚಿತ್ರವನ್ನು ತೋರಿಸುತ್ತದೆ. ನಾನು ಒಂದು ಹೆಜ್ಜೆ ಮುಂದೆ ಬಂದು, "ನಾನೇ ಸರ್, ನಮ್ಮ ಚಿತ್ರದಲ್ಲಿ ಏನೋ ತಪ್ಪಾಗಿದೆ" ಎನ್ನುತ್ತೇನೆ. ಡಾಕ್ಟರರ ಮುಖ ಬದಲಾಗುತ್ತದೆ. ಕೆಲವು ದಿನ ನಾನು ಇದನ್ನು ನಂಬಿದ್ದೆ.

ಮರುದಿನ ಬೆಳಿಗ್ಗೆ ಆಪರೇಟರು ಕಚೇರಿಗೆ ಒಂದು ಭಾರವಾದ ಡಬ್ಬಿ ತಂದರು. ರೇಡಿಯೋ ರಿಪೇರಿ ಅಂಗಡಿಯಿಂದ ಕೇಳಿ ತಂದದ್ದು. ಅದರ ಗುಬುಟು ತಿರುಗಿಸಿದರೆ ವೋಲ್ಟೇಜನ್ನು ಏರಿಸಬಹುದು, ಇಳಿಸಬಹುದು. ಪ್ರೊಜೆಕ್ಟರಿನ ತಿರುಗುವ ಗಾಲಿಯ ಅಂಚಿಗೆ ಅವರು ಸುಣ್ಣದ ಒಂದು ಚುಕ್ಕೆ ಇಟ್ಟರು. "ಈ ಚುಕ್ಕೆ ನಿಮಿಷುಕ್ಕೆ ಎಷ್ಟ್ ಸಲ ಬತ್ತದೆ ಅಂತ ಎಣಿಸ್ಕಳಿ" ಎಂದು ನನ್ನ ಕೈಗೆ ತಮ್ಮ ಗಡಿಯಾರ ಕೊಟ್ಟರು. ಮನೆಯ ಕರೆಂಟಿನಲ್ಲಿ ಎಣಿಸಿದೆ. ಗುಬುಟು ಇಳಿಸಿ, ದೀಪ ಆ ಶಾಲೆಯಲ್ಲಿ ಕೆಂಪಾಗಿದ್ದಷ್ಟೇ ಕೆಂಪಾದಾಗ ಮತ್ತೆ ಎಣಿಸಿದೆ. ಚುಕ್ಕೆ ನಿಧಾನವಾಗಿತ್ತು. ಬಹಳವಲ್ಲ, ಕಣ್ಣಿಗೆ ತಿಳಿಯುವಷ್ಟೂ ಅಲ್ಲ. ನೂರಕ್ಕೆ ಮೂರು ಸುತ್ತು ಕಡಿಮೆ.

"ಈಗ ನಿಮ್ ಕ್ಯಾಸೆಟ್ ಆಕಿ."

ಆ ಕೆಂಪು ಬೆಳಕಿನಲ್ಲೇ ಚಿತ್ರ ಶುರುವಾಯಿತು. ಮೊದಲ ನಿಮಿಷದಲ್ಲಿ ಏನೂ ಕಾಣಲಿಲ್ಲ. ಮೂರನೆಯ ನಿಮಿಷದಲ್ಲಿ ನಾನು 'ಬಾಗಿಲು' ಎಂದ ಮೇಲೆ ಬಾಗಿಲು ತೆರೆಯಿತು. ಐದನೆಯದರಲ್ಲಿ ಒಲೆಯ ಮಾತು ಮುಗಿದ ಮೇಲೆ ಒಲೆ ಬಂತು. ಏಳನೆಯ ನಿಮಿಷ. ತೆರೆಯ ಮೇಲೆ ನೀರು ಆರುತ್ತಿದೆ. ನನ್ನ ದನಿ, "ಈಗ ಸಕ್ಕರೆ" ಎಂದಿತು. ಮೌನ. ಬಿಳಿಯ ಬಟ್ಟಲಿಗೆ ಆ ತಾಯಿ ಕೈ ಹಾಕಿದಳು. ಬಟ್ಟಲಿನಲ್ಲಿ ಬಿಳಿಯ ಪುಡಿ. ಸಕ್ಕರೆಯೋ ಉಪ್ಪೋ ನೋಡಿದರೆ ತಿಳಿಯುವಂತಿಲ್ಲ. ಹಿಡಿ ಮೇಲೆದ್ದಿತು. ಬೆರಳು ಬಿಚ್ಚಿದವು.

"ಈಗ ಉಪ್ಪು" ಎಂದೆ ನಾನು, ಸ್ಪಷ್ಟವಾಗಿ, ಇಂಪಾಗಿ.

ಆಪರೇಟರು ಪ್ರೊಜೆಕ್ಟರನ್ನು ನಿಲ್ಲಿಸಿದರು. ಕ್ಯಾಸೆಟ್ ಮಾತ್ರ ಓಡುತ್ತಲೇ ಇತ್ತು. ಕತ್ತಲೆಯಲ್ಲಿ ನನ್ನ ದನಿ ಚೆನ್ನಾಗಿ ಕಲಸಿ ಎಂದಿತು, ರುಚಿ ನೋಡಿ ಎಂದಿತು. ಅದನ್ನು ಆರಿಸಲು ನನಗೆ ಕೈ ಬರಲಿಲ್ಲ. ಅರುಳುಮರುಳಾಗಿದ್ದದ್ದು ಅಜ್ಜಿಗಲ್ಲ. ನಾನು ಹೇಳಿದ್ದನ್ನು, ನಾನು ತೋರಿಸಿದ್ದನ್ನು, ಒಂದಿಷ್ಟೂ ತಪ್ಪದೆ ಮಾಡಿದ್ದಳು. ಸಕ್ಕರೆ ಎಂಬ ಮಾತೂ ಅವಳ ಕಿವಿಗೆ ಬಿದ್ದಿತ್ತು. ಉಳಿದಿದ್ದ ಅಳತೆ ಚಿಟಿಕೆಯೊಂದೇ. ಅದೂ ಅವಳಿಗೆ ಸರಿಯಾಗಿಯೇ ಕಂಡಿರಬೇಕು. ನೆಂಟರು ಬಂದರೆ ಮಾತ್ರ ಇಳಿಸುವ ಡಬ್ಬಿಯ ಸಕ್ಕರೆಯನ್ನು ಯಾರಾದರೂ ಹಿಡಿ ತುಂಬ ನೀರಿಗೆ ಸುರಿಯುತ್ತಾರೆಯೇ?

"ಬಾಯಿ ಮುಂದ್ಕೋಯ್ತು, ಕೈ ಇಂದುಕ್ಕುಳ್ಕತು" ಎಂದರು ಆಪರೇಟರು, ಮೆಲ್ಲಗೆ. ಆಮೇಲೆ, "ನಂದೂ ತಪ್ಪದೆ. ದೀಪ ಕೆಂಪಾದಾಗ್ಲೇ ನಿಲ್ಲುಸ್ಬೇಕಿತ್ತು."

ಅವತ್ತೇ ಕಳಲೆಗೆ ಓಡಿದೆವು. ಅಲ್ಲಿ ಏಳೆಂಟು ಮನೆ ಕೇಳಿದೆ. ಒಂದು ಹಿಡಿ ಸಕ್ಕರೆ, ಚಿಟಿಕೆ ಉಪ್ಪು ಎಂದೇ ಎಲ್ಲರೂ ಹೇಳಿದರು. "ಅಷ್ಟೊಂದ್ ಸಕ್ಕರೆ ನಿಮ್ಮಪ್ಪ ತಂದ್ಕೊಡ್ತಾನಾ?" ಎಂದು ಒಬ್ಬಾಕೆ ರೇಗಿಸಿದಳು. ಅವಳ ಕಾಲಿಗೆ ಬೀಳುವಷ್ಟು ಸಮಾಧಾನವಾಯಿತು. ಇನ್ನೊಂದು ಹಳ್ಳಿಯದು ಮಾತ್ರ ಹಾಗಲ್ಲ. ಅಲ್ಲಿ ಅರವತ್ತು ಎಪ್ಪತ್ತು ಜನ ಅದನ್ನು ನೋಡಿದ್ದರು. ಎಷ್ಟು ಮನೆಯಲ್ಲಿ ಕೂಸುಗಳಿವೆ ಎಂದು ಎಣಿಸುತ್ತ ನಾನು ಊಟ ಬಿಟ್ಟೆ.

ಸಂಜೆಯ ಹೊತ್ತಿಗೆ ನರ್ಸಮ್ಮನೊಬ್ಬಳನ್ನು ಕರೆದುಕೊಂಡು ಆ ಹಳ್ಳಿಯ ಬೀದಿಬೀದಿ ಸುತ್ತಿ, ಆ ನೀರು ಮಾಡಬೇಡಿ, ನಾವು ಮತ್ತೆ ಬಂದು ತೋರಿಸುವವರೆಗೂ ಮಾಡಬೇಡಿ ಎಂದು ಹೇಳಿ ಬಂದೆವು. ಯಾಕೆ ಎಂದು ಕೇಳಿದವರಿಗೆ ಸರಿಯಾಗಿ ಉತ್ತರಿಸಲಿಲ್ಲ.

ಆಮೇಲೆ ಎರಡು ದಿನ ದುರಸ್ತಿ. ಹನ್ನೊಂದು ನಿಮಿಷದ ಒಂದೇ ಓಟವನ್ನು ಹದಿನಾಲ್ಕು ತುಂಡು ಮಾಡಿದೆವು. ಪ್ರತಿ ತುಂಡಿನ ಕೊನೆಗೆ ಮೌನ. ಅಲ್ಲಿ ಗುಂಡಿ ಒತ್ತಿ ಟೇಪನ್ನು ನಿಲ್ಲಿಸುವುದು. ತೆರೆಯ ಮೇಲೆ ಬಾಗಿಲು ತೆರೆದರೆ ಎರಡನೆಯ ತುಂಡು ಬಿಡುವುದು, ಒಲೆಯ ಉರಿ ಕಂಡರೆ ಮೂರನೆಯದು. ಚಿತ್ರ ಎಷ್ಟೇ ತೆವಳಲಿ, ಮಾತು ಒಂದು ತುಂಡಿಗಿಂತ ಮುಂದೆ ಹೋಗುವಂತಿಲ್ಲ. ವಿವರಣೆಯನ್ನೂ ಹೊಸದಾಗಿ ಬರೆದೆ. ಸಕ್ಕರೆ, ಒಂದು ಹಿಡಿ ಸಕ್ಕರೆ. ಉಪ್ಪು, ಮೂರು ಬೆರಳಿನ ಒಂದೇ ಚಿಟಿಕೆ ಉಪ್ಪು. ಹಿಂದಿಯವನು ಯಾಕೆ ಎರಡೆರಡು ಸಲ ಹೇಳಿದ್ದ ಎಂದು ಆಗ ತಿಳಿಯಿತು. ಗುಬುಟು ತಿರುಗಿಸಿ ದೀಪವನ್ನು ಕೆಂಪು ಮಾಡಿ, ಇನ್ನೂ ಕೆಂಪು ಮಾಡಿ, ಹತ್ತು ಸಲ ಓಡಿಸಿ ನೋಡಿದೆವು. ಕೂತಿತು.

"ಸರಿಹೋಯಿತು" ಎಂದೆ.

ಆಪರೇಟರು ರೀಲು ಸುತ್ತುತ್ತ ತಲೆ ಎತ್ತಲಿಲ್ಲ. "ಚಿತ್ರ ಸರೋಯ್ತು. ಮೊದ್ಲು ತೋರ್ಸಿದ್ದು ತಪ್ಪು ಅಂತ ಆ ಜನುಕ್ಕೆ ಯಾರ್ ಏಳೋರು? ಕ್ಯಾಸೆಟ್ಟಾ?"

ಕೂಸು ಮೂರನೆಯ ದಿನ ಉಚ್ಚೆ ಹೊಯ್ದು, ಹಾಲಿಗೆ ಅತ್ತು, ನಾಲ್ಕನೆಯ ದಿನ ಮನೆಗೆ ಹೋಯಿತು ಎಂದು ಆಸ್ಪತ್ರೆಯಿಂದ ತಿಳಿಯಿತು. ಮರುದಿನವೇ ಅದೇ ಶಾಲೆಯಲ್ಲಿ ಮತ್ತೆ ಪರದೆ ಕಟ್ಟಿದೆವು. ಈ ಸಲ ಜನ ಹೆಚ್ಚು. ಅಜ್ಜಿ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಎರಡನೆಯ ಸಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಸೊಸೆ. ಮೊದಲು ಸರಿಯಾದ ಚಿತ್ರ ತೋರಿಸಿಬಿಡೋಣ, ತಪ್ಪಿನ ಮಾತು ಕೊನೆಗೆ ಆಡಿದರಾಯಿತು ಎಂದು ನಾನು ನಿರ್ಧರಿಸಿದ್ದೆ. ಕೊನೆಗೆ ಆಡುತ್ತಿದ್ದೆನೋ ಇಲ್ಲವೋ, ಈಗ ಆಣೆ ಮಾಡಿ ಹೇಳಲಾರೆ.

ನಾನು ಟೇಪಿನ ಪಕ್ಕ ಕೂತು, ತುಂಡು ತುಂಡಾಗಿ ಬಿಡುತ್ತ ಹೋದೆ. ದೀಪ ಕೆಂಪಾಯಿತು, ಆದರೂ ಬಾಗಿಲಿಗೆ ಬಾಗಿಲು, ಒಲೆಗೆ ಒಲೆ. ಹಿಡಿ ಮೇಲೆದ್ದಿತು. "ಸಕ್ಕರೆ. ಒಂದು ಹಿಡಿ ಸಕ್ಕರೆ."

"ನಿಲ್ಸು!"

ಅಜ್ಜಿ ಎದ್ದು ನಿಂತಿದ್ದಳು. ಅವಳ ತಲೆಯ ನೆರಳು ತೆರೆಯ ಮೇಲೆ ದೊಡ್ಡದಾಗಿ ಬಿದ್ದಿತ್ತು. ಆಪರೇಟರು ನಿಲ್ಲಿಸಿದರು. ಯಾರೋ ಒಂದು ಕಿಟಕಿಯ ಕಂಬಳಿ ಸರಿಸಿದರು. ಬಿಸಿಲು ನೇರ ನನ್ನ ಮುಖಕ್ಕೆ ಬಂತು.

"ಅವತ್ತು ಉಪ್ಪು ಅಂದ್ಬುಟ್ಟು ಇಡಿ ತೋರುಸ್ದೆ. ಇವತ್ತು ಸಕ್ಕರೆ ಅಂತೀಯೆ. ಯಾವ್ದವ್ವ ನಿಜ?"

"ಇವತ್ತಿನದು ನಿಜ, ಅಜ್ಜಿ. ಅವತ್ತು ನಮ್ಮ ಯಂತ್ರದಲ್ಲಿ..."

"ಯಂತ್ರುಕ್ಕೆ ಬಾಯಿದ್ದದಾ? ದನಿ ನಿಂದು." ಅವಳು ಕೂಗಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. "ಆಸ್ಪತ್ರೇಲಿ ಡಾಕ್ಟ್ರು ಯಾರ್ ಕಲುಸುದ್ರು ಅಂತ ನನ್ ಕೇಳುದ್ರು. ನಿನ್ ಮಖ ನೋಡ್ದೆ. ನೀನು ನರ್ಸಮ್ಮನ್ ಇಂದೆ ನಿಂತ್ಕಂಡು ನೆಲ ನೋಡ್ತಿದ್ದೆ. ನಾನೇ ದಡ್ಡಿ ಸ್ವಾಮಿ ಅಂದೆ. ಅನ್ನುಸ್ಕಂಡೆ. ಆಗ್ಲಿ. ಈಗ್ಲಾರೂ ಏಳು."

ನಾನು ಆಪರೇಟರ ಕಡೆ ನೋಡಿದೆ. ಅವರೂ ಆವತ್ತು ಆಸ್ಪತ್ರೆಯಲ್ಲಿದ್ದವರು. ನಾನು ಹಾಗೆ ನಿಂತಿರಲಿಲ್ಲ, ಹೇಳಿದ್ದೆ ಎಂದು ಅವರು ಹೇಳುತ್ತಾರೆ ಎಂದುಕೊಂಡೆ. ಅವರು ಲೆನ್ಸನ್ನು ಒರೆಸುತ್ತಿದ್ದರು. ಒರೆಸುತ್ತಲೇ ಇದ್ದರು. ನಾನು ಐದು ದಿನ ನಿಜವೆಂದು ಇಟ್ಟುಕೊಂಡಿದ್ದ ಆ ಒಂದು ಹೆಜ್ಜೆ, "ನಾನೇ ಸರ್" ಎಂಬ ಆ ಮಾತು, ಎಲ್ಲೂ ನಡೆದೇ ಇರಲಿಲ್ಲ. ಕೂಸಿನ ಕಾಲು ಅದುರಿದಾಗಲೂ, ಕೆಂಪು ಬೆಳಕಿನಲ್ಲಿ ಉಪ್ಪು ಎಂದದ್ದನ್ನು ಕೇಳಿದಾಗಲೂ ನನ್ನ ಬಗ್ಗೆ ನನಗೇ ಇಷ್ಟು ಭಯವಾಗಿರಲಿಲ್ಲ.

"ತಪ್ಪು ನಂದು" ಎಂದೆ. ಎಷ್ಟು ಮೆಲ್ಲಗೆ ಅಂದೆನೆಂದರೆ ಹಿಂದಿನಿಂದ ಯಾರೋ, "ಕೇಳ್ತಿಲ್ಲ ಕಣವ್ವ, ಜೋರಾಗೇಳು" ಎಂದರು. ಮತ್ತೆ ಹೇಳಿದೆ. "ಅವತ್ತು ಚಿತ್ರ ಹಿಂದೆ ಬಿತ್ತು, ನನ್ನ ಮಾತು ಮುಂದೆ ಹೋಯಿತು. ನೋಡಿಕೊಳ್ಳಬೇಕಾಗಿದ್ದವಳು ನಾನು. ನೋಡಿಕೊಳ್ಳಲಿಲ್ಲ. ಅಜ್ಜಿ ಮಾಡಿದ್ದು ನಾನು ಹೇಳಿದಂತೆಯೇ. ಹಿಡಿ ಉಪ್ಪು ಯಾರೂ ಹಾಕಬೇಡಿ. ಹಾಕಿದರೆ ಕೂಸು ಉಳಿಯುವುದಿಲ್ಲ."

ಮುಂದಿನ ಸಾಲಿನಲ್ಲಿ ಒಬ್ಬಾಕೆ ತನ್ನ ಮಗುವನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು.

ಆಗ ಎದ್ದವಳು ಸೊಸೆ. ಆಸ್ಪತ್ರೆಯಲ್ಲೂ ಜೀಪಿನಲ್ಲೂ ಅವಳ ದನಿ ನಾನು ಕೇಳಿಯೇ ಇರಲಿಲ್ಲ. ಹೊರಗೆ ಹೋಗಿ, ಶಾಲೆಯ ಎದುರು ಮನೆಯಿಂದ ಚೊಂಬು ತುಂಬ ಕಾಯಿಸಿ ಆರಿಸಿದ ನೀರು, ಉಪ್ಪಿನ ಮಡಕೆ, ಸಕ್ಕರೆ ಡಬ್ಬಿ ತಂದು ನನ್ನೆದುರು ಇಟ್ಟಳು. "ನೀವೇ ಮಾಡಿ" ಎಂದಳು. ಒಂದು ಹಿಡಿ ಸಕ್ಕರೆ ಹಾಕಿದೆ. ಕಲ್ಲುಪ್ಪನ್ನು ಕುಟ್ಟಿ ಪುಡಿ ಮಾಡಿ, ಮೂರು ಬೆರಳಿನಲ್ಲಿ ಎತ್ತಿ ಎಲ್ಲರಿಗೂ ತೋರಿಸಿ ಹಾಕಿದೆ. ಕಲಸಿದೆ. ಸೊಸೆ ಅದನ್ನು ಒಂದು ದೊಡ್ಡ ಲೋಟಕ್ಕೆ ಬಗ್ಗಿಸಿ ನನ್ನ ಕೈಗೇ ಕೊಟ್ಟಳು.

"ಮೊದ್ಲು ನೀವ್ ಕುಡೀರಿ. ಪೂರ್ತಿ."

ಕುಡಿದೆ. ಹೊಗೆಯ ವಾಸನೆಯ ನೀರು, ಸಿಹಿ, ಅದರ ಹಿಂದೆ ಒಂದು ಚೂರು ಉಪ್ಪು. ಹಜಾರದ ಜನರೆಲ್ಲ ನನ್ನ ಗಂಟಲನ್ನೇ ನೋಡುತ್ತಿದ್ದರು. ಲೋಟದ ತಳ ಕಂಡ ಮೇಲೂ ಯಾರೂ ಕಣ್ಣು ತೆಗೆಯಲಿಲ್ಲ.

ಅಜ್ಜಿ ಕೂಸನ್ನು ಸೊಸೆಯ ಕೈಗೆ ಕೊಟ್ಟು ಮುಂದೆ ಬಂದಳು. ಸಕ್ಕರೆ ಡಬ್ಬಿಗೆ ಕೈ ಹಾಕಿ, ಹಿಡಿಯನ್ನು ನನ್ನ ಮುಖದ ಹತ್ತಿರ ತಂದು ಬಿಚ್ಚಿದಳು.

"ಇಷ್ಟಾ? ಸರ್ಯಾಗ್ ನೋಡ್ಬುಟ್ಟು ಏಳು."

ನಾನು ಬಗ್ಗಿ, ಅವಳ ಅಂಗೈಯನ್ನು ನೋಡಿದೆ.